ಸುಣ್ಣದ ಗೆರೆ ಮತ್ತು ನನ್ನ ಬಲಗಾಲು

ಸಿಟ್ಟಿನ ಬಗ್ಗೆ ಪಾಠ ಮಾಡುವವನಿಗೆ ಸಿಟ್ಟು ಬರಬಾರದು ಎಂದು ಯಾವ ವಿಶ್ವವಿದ್ಯಾಲಯವೂ ನಿಯಮ ಮಾಡಿಲ್ಲ. ಮಾಡಿದ್ದರೆ ನನಗೆ ಕೆಲಸವೇ ಸಿಗುತ್ತಿರಲಿಲ್ಲ. ಧಾರವಾಡದ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ವಾರಕ್ಕೆರಡು ದಿನ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೂ ಪಾಠ ಇದೆ. ವಿಷಯ, ಕ್ರೀಡೆಯಲ್ಲಿ ಆಕ್ರಮಣಶೀಲತೆ. ಎದುರಿಗೆ ಕೂತವರು ಕಬಡ್ಡಿ ಆಡುವವರು, ಕುಸ್ತಿ ಹಿಡಿಯುವವರು. ಮುಂದಿನ ಸಾಲಿನ ಒಬ್ಬನ ಕುತ್ತಿಗೆ ನನ್ನ ತೊಡೆಯಷ್ಟು ದಪ್ಪ ಇದೆ. ಇಂಥವರಿಗೆ ನಾನು, ಜೋರು ಗಾಳಿ ಬಂದರೆ ಕಿಸೆಯಲ್ಲಿ ಏನಾದರೂ ಭಾರ ಇಟ್ಟುಕೊಳ್ಳಬೇಕಾದ ಮನುಷ್ಯ, ಹೊಡೆದಾಟ ಏಕೆ ಆಗುತ್ತದೆ ಎಂದು ವಿವರಿಸುತ್ತೇನೆ. ಅವರು ವಿನಯದಿಂದ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಆ ಕೋಣೆಯಲ್ಲಿರುವ ಅಷ್ಟೂ ಜನರಲ್ಲಿ ಆಟದ ಅಂಗಳದಲ್ಲಿ ನಿಂತು ಇನ್ನೊಬ್ಬರನ್ನು ಬೇಕೆಂದೇ ನೋಯಿಸಿದವನು ಬಹುಶಃ ನಾನೊಬ್ಬನೇ. ಅದೂ ಶಟಲ್ ಆಟದಲ್ಲಿ. ನಡುವೆ ಬಲೆ ಕಟ್ಟಿ, ಒಬ್ಬರನ್ನೊಬ್ಬರು ಮುಟ್ಟುವುದಕ್ಕೇ ಅವಕಾಶ ಇಲ್ಲದಂತೆ ಮಾಡಿರುವ ಆಟದಲ್ಲಿ.

ನಮ್ಮ ಬಡಾವಣೆಯ ಉದ್ಯಾನದ ಹಿಂದೆ ಒಂದು ಕೆಂಪು ಮಣ್ಣಿನ ಖಾಲಿ ಜಾಗ ಇದೆ. ಬೆಳಿಗ್ಗೆ ಆರೂವರೆಗೆ ನಾವು ನಾಲ್ಕು ಜನ ಅಲ್ಲಿ ಸೇರುತ್ತಿದ್ದೆವು. ಬ್ಯಾಂಕಿನಿಂದ ನಿವೃತ್ತರಾದ ಜೋಶಿ, ದನದ ಡಾಕ್ಟರ್ ಇನಾಮದಾರ, ನಾನು, ಮತ್ತು ನಾವೆಲ್ಲ ಕಾಕಾ ಎಂದು ಕರೆಯುವ ಹಂಚಿನಾಳ. ಕಾಕಾ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಭೂಮಾಪನ ಇಲಾಖೆಯಲ್ಲಿ ಮೋಜಣಿ ಮಾಡಿ, ಅಂದರೆ ಜನರ ಹೊಲಗಳನ್ನು ಅಳೆದು ಗಡಿ ಹಾಕಿಕೊಟ್ಟು, ನಿವೃತ್ತರಾದವರು. ಮಣ್ಣಿನ ಅಂಗಳದ ಗೆರೆ ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಗಾಳಿ ಇದೆ, ನಾಯಿಗಳಿವೆ, ಸಂಜೆ ವಾಯುವಿಹಾರಕ್ಕೆ ಬರುವ ಹೆಂಗಸರಿದ್ದಾರೆ. ಹಾಗಾಗಿ ದಿನಾ ಹೊಸದಾಗಿ ಸುಣ್ಣದ ಪುಡಿ ಹಾಕಬೇಕು. ಅಂಪೈರ್ ಎಂದು ಯಾರೂ ಇಲ್ಲದ ಕಾರಣ ನಮ್ಮಲ್ಲಿ ಒಂದು ಕಟ್ಟಳೆ ಬೆಳೆದುಬಂದಿತ್ತು. ಅವತ್ತು ಸುಣ್ಣ ಹಾಕಿದವರು ಯಾರೋ, ಗೆರೆಯ ವಿಷಯದಲ್ಲಿ ಅವರದೇ ಕೊನೆಯ ಮಾತು. ಅವರ ಪಕ್ಷಕ್ಕೆ ಲಾಭವಾದರೂ ಸರಿ, ನಷ್ಟವಾದರೂ ಸರಿ, ಮರುಮಾತಿಲ್ಲ.

ಸುಣ್ಣ ಹಾಕುತ್ತಿದ್ದವರು ಯಾವಾಗಲೂ ಕಾಕಾ. ಗರಗದಿಂದ ತರಿಸಿದ ಖಾದಿ ನೂಲನ್ನು ತಾವೇ ಹೊಸೆದು ಮಾಡಿದ ಒಂದು ಹುರಿ, ನಾಲ್ಕು ಗೂಟ, ಒಂದು ಡಬ್ಬಿ, ಎಲ್ಲ ಒಂದು ಕೈಚೀಲದಲ್ಲಿ. ಹುರಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಏ ಮಾಸ್ತರ, ಜಗ್ಗಿ ಹಿಡಿಯೋ. ಸಡ್ಲ ಬಿಟ್ರ ಗೆರಿಗೆ ಹೊಟ್ಟಿ ಬರತೈತಿ" ಎನ್ನುತ್ತಿದ್ದರು. ಅವರು ಎಳೆದ ಗೆರೆಯನ್ನು ನೋಡಿದರೆ ಅದರಾಚೆ ಬೇರೆ ತಾಲೂಕು ಶುರುವಾಗುತ್ತದೆ ಎನ್ನಿಸುತ್ತಿತ್ತು.

ಇನ್ನು ಆ ದಿನದ ಸಂಗತಿ. ಜೋಶಿ ಮತ್ತು ನಾನು ಒಂದು ಕಡೆ, ಕಾಕಾ ಮತ್ತು ಡಾಕ್ಟರು ಇನ್ನೊಂದು ಕಡೆ. ಕೊನೆಯ ಅಂಕ. ಹತ್ತೊಂಬತ್ತು-ಇಪ್ಪತ್ತು ಇತ್ತು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹದಿನಾಲ್ಕು-ಹನ್ನೆರಡೂ ಇದ್ದಿರಬಹುದು. ಕೊನೆಯ ಅಂಕ ಎಂದರೆ ನನ್ನ ಸಿಟ್ಟಿಗೆ ಸ್ವಲ್ಪ ಘನತೆ ಬರುತ್ತದೆ, ಅದಕ್ಕೇ ಹಾಗೆ ನೆನಪಾಗುತ್ತಿರಬೇಕು. ನಾನು ಹಾರಿ ಹೊಡೆದೆ. ಹಾರಿದೆ ಎನ್ನುವುದೂ ಸ್ವಲ್ಪ ಹೆಚ್ಚಾಯಿತು, ಹಿಮ್ಮಡಿ ಎತ್ತಿದೆ. ಶಟಲ್ ಹಿಂದಿನ ಗೆರೆಯ ಹತ್ತಿರ ಬಿತ್ತು. "ಹೊರಗ" ಎಂದರು ಕಾಕಾ. "ಗೆರಿ ಮ್ಯಾಲೆ ಬಿದ್ದದ" ಎಂದೆ ನಾನು. "ಇಲ್ಲೋ ಮಾಸ್ತರ, ಹೊರಗ" ಎಂದರು ಅವರು, ಹವಾಮಾನ ಹೇಳಿದಷ್ಟು ಸಮಾಧಾನವಾಗಿ. ನಾನು ಬಲೆಯ ಕೆಳಗೆ ನುಸುಳಿ ಆಚೆ ಹೋದೆ. ಹೋದವನು "ತಗೋರಿ ನಿಮ್ಮ ಗೆರಿ" ಎಂದು ಬಲಗಾಲಿನಿಂದ ಆ ಗೆರೆಯನ್ನು ಅಳಿಸಿಬಿಟ್ಟೆ. ಸುಮಾರು ಒಂದು ಮೊಳ ಉದ್ದ. ಆಮೇಲೆ ಕಾಕಾ ಶಟಲ್ ಎತ್ತಿ ಅದರ ಬೂಚನ್ನು ನನಗೆ ತೋರಿಸಿದರು. ಗೆರೆಗೆ ತಗುಲಿದ್ದರೆ ಆ ದುಂಡನೆಯ ಬೂಚಿಗೆ ಬಿಳಿ ಸುಣ್ಣ ಹತ್ತಿರಬೇಕಿತ್ತು. ಬರೀ ಕೆಂಪು ಮಣ್ಣು ಹತ್ತಿತ್ತು. ಆದರೆ ಅಷ್ಟರಲ್ಲಿ ಕಾಲು ತನ್ನ ಕೆಲಸ ಮುಗಿಸಿತ್ತು, ಏನು ಮಾಡಲಿಕ್ಕಾಗುತ್ತದೆ? ಕಾಕಾ ಗೂಟ ಕಿತ್ತರು, ಹುರಿ ಸುತ್ತಿದರು, ಚೀಲವನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಪುಸ್ತಕ ತೆಗೆದದ್ದು. ನನ್ನ ಕಸುಬಿನ ಒಂದು ಅನುಕೂಲ ಇದು. ಬೇರೆಯವರು ತಪ್ಪು ಮಾಡಿದರೆ ತಪ್ಪು, ನಾವು ಮಾಡಿದರೆ ಉದಾಹರಣೆ. ಆಕ್ರಮಣ ಮನುಷ್ಯನ ಹುಟ್ಟುಗುಣ, ಒಳಗೆ ಉಗಿ ತುಂಬುತ್ತಲೇ ಇರುತ್ತದೆ, ಆಟ ಎನ್ನುವುದು ಅದು ಹೊರಗೆ ಹೋಗುವ ದಾರಿ ಎಂದು ಒಂದು ಸಿದ್ಧಾಂತ ಹೇಳುತ್ತದೆ. ಅದನ್ನು ಹೆಂಡತಿ ವಿಮಲಾಗೆ ವಿವರಿಸಿದೆ. ಕುಕ್ಕರಿನ ಉದಾಹರಣೆಯನ್ನೂ ಕೊಟ್ಟೆ, ಅಡುಗೆಮನೆಯಲ್ಲಿ ನಿಂತಿದ್ದಳಲ್ಲ, ಸುಲಭವಾಗಲಿ ಎಂದು. ಆಕೆ ಕೊತ್ತಂಬರಿ ಸೋಸುತ್ತಲೇ ಹೇಳಿದಳು, "ಅಲ್ರೀ, ಕುಕ್ಕರ್ ಸೀಟಿ ಹೊಡದ್ರ ಬ್ಯಾಳಿ ಬೇಯ್ತದ. ನಿಮ್ಮ ಸೀಟಿಗೆ ಏನ್ ಬೆಂತು?"

ಅದು ಹಳೆಯ ಸಿದ್ಧಾಂತ, ಈಗ ಯಾರೂ ಅಷ್ಟಾಗಿ ಒಪ್ಪುವುದಿಲ್ಲ ಎಂದು ಮುಂದಿನದಕ್ಕೆ ಹೋದೆ. ಜನ ಸಿಟ್ಟನ್ನು ನೋಡಿ ಕಲಿಯುತ್ತಾರೆ, ದೊಡ್ಡ ಆಟಗಾರರು ಕಣ್ಣು ಕೆಕ್ಕರಿಸಿ ಚಪ್ಪಾಳೆ ಗಿಟ್ಟಿಸುವುದನ್ನು ಕಂಡು ಉಳಿದವರೂ ಹಾಗೇ ಮಾಡುತ್ತಾರೆ. ತಪ್ಪು ಟೀವಿಯದ್ದು. "ಆಟ ಮುಗದ ಮ್ಯಾಲೆ ಅವರು ಕೈ ಕುಲುಕ್ತಾರಲ್ಲ, ಅದನ್ನೂ ಟೀವ್ಯಾಗ ತೋರಸ್ತಾರ. ಅವಾಗ ನೀವು ಎದ್ದು ಬಚ್ಚಲಿಗೆ ಹೋಗಿರತೀರೇನು?" ಎಂದಳು. ನಾನು ಪುಸ್ತಕ ಮುಚ್ಚಿದೆ. ಮದುವೆಯಾದ ಮನಃಶಾಸ್ತ್ರಜ್ಞರು ಹೊಸ ಸಿದ್ಧಾಂತ ಕಂಡುಹಿಡಿದದ್ದು ಕಡಿಮೆ ಏಕೆ ಎಂದು ನನಗೆ ಆಗಾಗ ಹೊಳೆಯುತ್ತದೆ.

ಉಳಿದದ್ದು ನನಗೆ ಬಹಳ ಒಪ್ಪಿಗೆಯಾದ ಸಿದ್ಧಾಂತ. ಗುರಿಯ ಹತ್ತಿರ ಹೋದಾಗ ಯಾರಾದರೂ ಅಡ್ಡ ಬಂದರೆ ಹತಾಶೆ ಹುಟ್ಟುತ್ತದೆ, ಹತಾಶೆ ಆಕ್ರಮಣಕ್ಕೆ ದಾರಿ ಮಾಡುತ್ತದೆ, ಅನ್ಯಾಯವಾಗಿದೆ ಎನ್ನಿಸಿದರಂತೂ ಕೇಳುವುದೇ ಬೇಡ. ಇದು ನನ್ನ ಬಲಗಾಲಿಗೆ ಅಳತೆ ತೆಗೆದು ಹೊಲಿದಂತಿತ್ತು. ನನ್ನ ಹೊಡೆತ ಗೆರೆಯ ಮೇಲೆ ಬಿದ್ದಿದೆ ಎಂದು ನಾನು ನಂಬಿದ್ದೆ, ಅನ್ಯಾಯವಾಯಿತು ಎನ್ನಿಸಿತು, ಕಾಲು ಎದ್ದಿತು. ಬೂಚು ನೋಡಿದ್ದು ಆಮೇಲೆ. ಕ್ರಮ ಸರಿಯಾಗಿದೆ.

ಆದರೂ ಸಾಕ್ಷಿ ಇರಲಿ ಎಂದು ಉಳಿದಿಬ್ಬರನ್ನು ಕೇಳಿದೆ. ಜೋಶಿ ನನ್ನ ಜೋಡಿ ಆಟಗಾರ. "ಏನೂ ಆಗಿಲ್ಲ ಬಿಡ್ರಿ, ನಿಮ್ಮ ಕಾಲು ಜಾರಿತು ಅಷ್ಟ" ಎಂದರು. ಡಾಕ್ಟರ್ ಇನಾಮದಾರ ಮಾತ್ರ, "ಜಾರೂದು ಅಂದ್ರ ಹಂಗಿರೂದಿಲ್ರಿ. ನಾ ದಿನಾ ನೋಡ್ತೇನಿ. ಹಾಲು ಹಿಂಡಾಕ ಬಂದಾವರಿಗೆ ಎಮ್ಮಿ ಒದೀತೈತಲ್ಲ, ಪಕ್ಕಾ ಹಂಗ" ಎಂದರು. ಬೂಚು ತೋರಿಸಿದ್ದು ಮೊದಲೋ ಕಾಲು ಹಾಕಿದ್ದು ಮೊದಲೋ ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂದು ಓದುಗರು ಈಗಾಗಲೇ ಊಹಿಸಿದ್ದರೆ, ಅವರು ನನಗಿಂತ ಒಳ್ಳೆಯ ಮನಃಶಾಸ್ತ್ರಜ್ಞರು.

ವಾರದ ಮೇಲೆ ವಿಮಲಾಳ ಕಾಟ ತಾಳಲಾರದೆ ಕಾಕಾನ ಮನೆಗೆ ಹೋದೆ. ಕ್ಷಮೆ ಕೇಳುವುದಕ್ಕೆಂದೇ ಹೋದದ್ದು. ಬಾಗಿಲಲ್ಲೇ, "ಬರ್ರಿ ಸರ್, ಬರ್ರಿ. ಕೂಡ್ರಿ" ಎಂದರು. ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು. ನಮ್ಮ ಧಾರವಾಡದಲ್ಲಿ ಒಬ್ಬನನ್ನು ದೂರ ಇಡಬೇಕಾದರೆ ಬೈಯಬೇಕಾಗಿಲ್ಲ, ಮರ್ಯಾದೆ ಹೆಚ್ಚಿಸಿದರೆ ಸಾಕು. ಒಂಬತ್ತು ವರ್ಷ "ಏ ಮಾಸ್ತರ" ಎಂದ ಬಾಯಿ "ಸರ್" ಎಂದಿತ್ತು. ಚಹಾ ಬಂತು, ಅವಲಕ್ಕಿ ಬಂತು, ನನ್ನ ಮಂಡಿನೋವಿನ ವಿಚಾರಣೆ ಬಂತು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಶುರುಮಾಡಿದ್ದು ಕ್ಷಮೆಯಿಂದ ಅಲ್ಲ, ಹತಾಶೆಯಿಂದ. ಗುರಿ, ಅಡ್ಡಿ, ಅನ್ಯಾಯದ ಭಾವನೆ, ಒಟ್ಟು ಇಪ್ಪತ್ತು ನಿಮಿಷ. ನಡುವೆ ಎದುರಾಳಿಯನ್ನು ನೋಯಿಸುವುದಕ್ಕೆಂದೇ ಮಾಡುವ ಆಕ್ರಮಣ ಬೇರೆ, ಆಟ ಗೆಲ್ಲುವುದಕ್ಕೆಂದು ಮಾಡುವುದು ಬೇರೆ ಎಂದು ಭೇದವನ್ನೂ ಬಿಡಿಸಿ ಹೇಳಿದೆ. ಕಾಕಾ ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ನನ್ನ ವಿದ್ಯಾರ್ಥಿಗಳೂ ಅಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ.

ಕೊನೆಗೆ ಅವರು ಅಂದರು, "ಸರ್ವಿಸಿನ್ಯಾಗ ಇದ್ದಾಗ ಶಿರಗುಪ್ಪಿ ಕಡೆ ಅಣ್ಣತಮ್ಮರ ಹೊಲದ ಜಗಳ ಬಂದಿತ್ರಿ ಸರ್. ಇಬ್ಬರ ಕೈಯಾಗೂ ಕೊಡ್ಲಿ. ನಾ ನಡುವ ಸುಣ್ಣ ಹಾಕ್ಕೋತ ಹೊಂಟಿದ್ದೆ. ನನ್ನ ಬೈದ್ರು, ನಮ್ಮಪ್ಪನ್ನ ಬೈದ್ರು, ನಮ್ಮ ಸಾಹೇಬರನ್ನ ಬೈದ್ರು. ಖರೆ ಗೆರಿ ತುಳೀಲಿಲ್ರಿ. ಈ ಕಡೆಯಿಂದ ಆ ಕಡೆ ಹೋಗೂ ಮುಂದ ಕಾಲೆತ್ತಿ ದಾಟಿ ಹೋದ್ರು. ಕೊಡ್ಲಿ ಹಿಡದಾವ್ರು."

ನಾನು ಚಹಾದ ಬಟ್ಟಲಿನ ತಳ ನೋಡುತ್ತಿದ್ದೆ.

"ಒಂದ ಕೇಳ್ತೇನಿ ಸರ್" ಎಂದರು. "ಬೂಚು ನೋಡಿದ್ರೇನು, ಕಾಲು ಹಾಕೂಕಿಂತ ಮೊದಲ?"

"ಇಲ್ಲ ಕಾಕಾ" ಎಂದೆ. "ಆಮ್ಯಾಲೆ ನೋಡಿದ್ದು."

ಅವರು ತಲೆಯಾಡಿಸಿದರು. ಒಳಗೆ ಹೋಗಿ ಆ ಕೈಚೀಲ ತಂದರು. ಹುರಿ, ಗೂಟ, ಡಬ್ಬಿ. "ತಗೊಂಡು ಹೋಗ್ರಿ. ಆಟಕ್ಕ ಬೇಕಾಕ್ಕಾವು. ನನಗ ಮೊಣಕಾಲು ಬ್ಯಾನಿ, ಇನ್ನ ಆಗೂದಿಲ್ಲ" ಎಂದರು. ನನ್ನ ಮಂಡಿಯನ್ನು ವಿಚಾರಿಸುವಾಗ ಅವರಿಗೆ ಮೊಣಕಾಲು ನೋವಿರಲಿಲ್ಲ.

ಮರುದಿನದಿಂದ ಸುಣ್ಣ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹುರಿಯ ಇನ್ನೊಂದು ತುದಿ ಹಿಡಿಯುವವರು ಬೇಕು ಎನ್ನುವುದು ಆಗಲೇ ನೆನಪಾದದ್ದು. ಜೋಶಿಗೆ ಬಗ್ಗಲು ಬರುವುದಿಲ್ಲ, ಡಾಕ್ಟರಿಗೆ ಫೋನು. ಗೂಟಕ್ಕೆ ಕಟ್ಟಿ ಎಳೆದರೆ ಗೂಟವೇ ಮೇಲೆ ಬಂತು. ಕೊನೆಗೆ ಕಣ್ಣಂದಾಜಿನಲ್ಲಿ ಹಾಕಿದೆ. ಡಾಕ್ಟರು ಫೋನು ಕಿಸೆಗಿಟ್ಟು ಸ್ವಲ್ಪ ಹೊತ್ತು ನೋಡಿ, ತಮ್ಮ ವೃತ್ತಿಯ ಅನುಭವದ ಮೇಲೆ ಹೇಳಿದರು, "ಎತ್ತು ನಡಕೋತ ಉಚ್ಚಿ ಹೊಯ್ದಂಗ ಆಗೇತಲ್ರಿ ಸರ್." ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಹೋಗಿ ಮೂತಿ ಇರುವ ಹೊಸ ಡಬ್ಬಿ ತಂದೆ. ಉಚ್ಚೆ ಸ್ವಲ್ಪ ತೆಳ್ಳಗಾಯಿತು, ನೆಟ್ಟಗಾಗಲಿಲ್ಲ. ನೆಟ್ಟನೆಯ ಗೆರೆಗೆ ಇಬ್ಬರು ಬೇಕು, ಅವರಿಬ್ಬರೂ ಒಂದೇ ಹುರಿಯನ್ನು ಜಗ್ಗುತ್ತಿರಬೇಕು. ಒಂಬತ್ತು ವರ್ಷ ಆ ಗೆರೆಯ ಅರ್ಧ ನನ್ನದೂ ಆಗಿತ್ತು. "ನಿಮ್ಮ ಗೆರಿ" ಎಂದು ಒರೆಸಿದ್ದೆನಲ್ಲ, ಯಾರ ಗೆರೆ ಅದು?

ಈ ನಡುವೆ ಕಾಲೇಜಿನಲ್ಲಿ ಅದೇ ಪಾಠ ಬಂತು. ಈ ಸಲ ಹತಾಶೆಯ ಸಿದ್ಧಾಂತವನ್ನು ಎಂದೂ ಹೇಳದಷ್ಟು ಚೆನ್ನಾಗಿ ಹೇಳಿದೆ, ಸ್ವಂತಕ್ಕೆ ಬೇಕಾದ ಸಾಮಾನಲ್ಲವೇ. ಅನ್ಯಾಯವಾಯಿತು ಎನ್ನಿಸಿದಾಗಲೇ ಆಟಗಾರ ಮೈಮೇಲೆ ಹೋಗುವುದು ಎಂದು ಮುಗಿಸಿದೆ. ಹಿಂದಿನ ಸಾಲಿನಲ್ಲಿ ಕುಸ್ತಿ ಆಡುವ ಒಬ್ಬ ಹುಡುಗಿ ಕೈ ಎತ್ತಿದಳು. ಕೇಳಿದ್ದು ಪ್ರಶ್ನೆಯಲ್ಲ. "ಹಂಗೇನಿಲ್ರಿ ಸರ್. ಬೆನ್ನು ಮಣ್ಣಿಗೆ ಹತ್ತಿದ್ದು ಎಲ್ಲಾರಿಗಿಂತ ಮೊದಲ ಗೊತ್ತಾಗೂದು ನಮಗ. ಹತ್ತಿಲ್ಲ ಅಂತ ನಾವು ಜಗಳ ತಗಿಯೂದು ಅವಾಗ. ಹತ್ತಿಲ್ಲ ಅಂತ ಖಾತ್ರಿ ಇದ್ರ ಯಾರ್ ಜಗಳ ಮಾಡ್ತಾರ್ರಿ, ಎದ್ದು ಮುಂದಿನ ಪಟ್ಟು ಹಾಕ್ತೇವಿ." ತರಗತಿ ನಕ್ಕಿತು. ನಾನೂ ನಕ್ಕು, ಒಳ್ಳೆಯ ಅಂಶ, ಮುಂದಿನ ತರಗತಿಯಲ್ಲಿ ಚರ್ಚಿಸೋಣ ಎಂದೆ. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷ ಇತ್ತು. ಹಾಜರಿ ಕರೆದೆ. ಮೊದಲೇ ಒಂದು ಸಲ ಕರೆದಿದ್ದೆ.

ಅಂದು ಮನೆಗೆ ಬಂದಾಗ ಬಾಗಿಲ ಬಳಿ ನನ್ನ ಆಟದ ಬೂಟು ಕಂಡಿತು. ಬಲಗಾಲಿನ ಬೂಟಿನ ಹೊಲಿಗೆಯಲ್ಲಿ ಬಿಳಿ ಸುಣ್ಣ ಕೂತಿದೆ. ವಿಮಲಾ ಬ್ರಶ್ಶು ಹಾಕಿ ತಿಕ್ಕಿದ್ದರೂ ಹೋಗಿಲ್ಲ. ನಾನು ಬೂಟನ್ನು ಕೈಗೆತ್ತಿಕೊಂಡು ಮೆಟ್ಟಿಲ ಮೇಲೆ ಕೂತೆ. ಮೇಲೆ ನಾಲ್ಕನೆಯದೋ ಐದನೆಯದೋ ಪ್ಯಾರಾದಲ್ಲಿ ಆ ಘಟನೆಯನ್ನು ಬರೆದಿದ್ದೇನಲ್ಲ, ಅದರಲ್ಲಿ ಎರಡು ವಾಕ್ಯಗಳು ಹಿಂದುಮುಂದಾಗಿವೆ. ಬರೆಯುವಾಗ ತಿಳಿದೇ ಬರೆದೆ. ಅಷ್ಟು ದಿನ ಎಲ್ಲರಿಗೂ ಹಾಗೇ ಹೇಳಿ ಹೇಳಿ ಅದು ಹಾಗೇ ಗಟ್ಟಿಯಾಗಿತ್ತು. ನಾನು ಬಲೆ ನುಸುಳಿ ಆಚೆ ಹೋದಾಗ ಕಾಕಾ ಆಗಲೇ ಶಟಲ್ ಎತ್ತಿದ್ದರು. ಬೂಚನ್ನು ನನ್ನ ಕಡೆ ತಿರುಗಿಸಿ ಹಿಡಿದಿದ್ದರು. ಅದರಲ್ಲಿ ಸುಣ್ಣ ಇರಲಿಲ್ಲ. ನಾನು ನೋಡಿದೆ. ನೋಡಿದ ಮೇಲೆ ಕಾಲು ಹಾಕಿದೆ. ನನಗೆ ಅನ್ಯಾಯವಾಗಿರಲಿಲ್ಲ, ನ್ಯಾಯವಾಗಿತ್ತು, ಸಿಟ್ಟು ಬಂದದ್ದು ಅದಕ್ಕೆ. ನನ್ನ ಕಪಾಟಿನ ಯಾವ ಪುಸ್ತಕದಲ್ಲೂ ಈ ಸಿಟ್ಟಿಗೆ ಒಂದು ಹೆಸರು ಸಿಗಲಿಲ್ಲ. ಸಿಕ್ಕಿದ್ದರೆ ಅದನ್ನೇ ಹಿಡಿದುಕೊಂಡು ಇನ್ನೊಂದು ವಾರ ಮನೆಯಲ್ಲಿ ಕೂರುತ್ತಿದ್ದೆ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಹೋಗುವ ಮೊದಲೇ ಕಾಕಾನ ಮನೆಗೆ ಹೋದೆ. ಅವರು ತುಳಸಿ ಕಟ್ಟೆಯ ಹತ್ತಿರ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಗೇಟಿನ ಹೊರಗೆ ನಿಂತೇ ಹೇಳಿದೆ. ಒಳಗೆ ಹೋದರೆ ಚಹಾ ಬರುತ್ತದೆ, ಚಹಾ ಬಂದರೆ ಸಿದ್ಧಾಂತ ಬರುತ್ತದೆ ಎಂಬ ಭಯ. "ಕಾಕಾ, ಬೂಚಿಗೆ ಸುಣ್ಣ ಇರಲಿಲ್ಲ. ನಾ ನೋಡಿದ್ದೆ. ನೋಡಿದ ಮ್ಯಾಲೇ ಅಳಿಸಿದ್ದು. ತಪ್ಪಾತು."

ಅವರು ಪೈಪನ್ನು ದಾಸವಾಳದಿಂದ ಮಲ್ಲಿಗೆಗೆ ತಿರುಗಿಸಿದರು.

"ಗೊತ್ತೈತ್ರಿ" ಎಂದರು. "ನೀವು ನೋಡಿದ್ದನ್ನ ನಾ ನೋಡಿದ್ದೆ."

"ಮತ್ತ ಅವತ್ತು ಕೇಳಿದ್ರಲ್ಲ, ನೋಡಿದ್ರೇನಂತ?"

"ಹೇಳ್ತೀರೇನಂತ ಕೇಳಿದ್ದೆ. ಗೆರಿ ಅಳಿಸಿದ್ದು ಸಿಟ್ಟಿನ್ಯಾಗ. ಸಿಟ್ಟು ಎಲ್ಲಾರಿಗೂ ಬರತೈತಿ, ಮರುದಿನ ಮತ್ತ ಹಾಕಬಹುದಿತ್ತು. ನಮ್ಮ ಮನ್ಯಾಗ ಕುಂತು, ನಮ್ಮ ಚಾ ಕುಡದು, ಸಮಾಧಾನದಾಗ ನೋಡಿಲ್ಲ ಅಂದ್ರಲ್ಲ, ಅದು ಯಾವ ಸಿದ್ಧಾಂತದಾಗ ಬರತೈತ್ರಿ ಸರ್?"

 ನೀರು ಮಲ್ಲಿಗೆಯ ಪಾತಿ ತುಂಬಿ ಹೊರಗೆ ಹರಿಯತೊಡಗಿತು. ಅವರು ನಲ್ಲಿ ನಿಲ್ಲಿಸಿದರು. ನಾನು ಕೈಚೀಲವನ್ನು ಮುಂದೆ ಹಿಡಿದೆ. "ನೀವು ಬಂದು ಒಂದ ತುದಿ ಹಿಡೀರಿ ಕಾಕಾ. ಆಟ ಆಡೂದು ಬ್ಯಾಡ." ಅವರು ಚೀಲದೊಳಗೆ ಕೈ ಹಾಕಿ ಹುರಿಯನ್ನು ಹೊರತೆಗೆದರು. ನಾನು ಅದನ್ನು ಹೇಗೆಹೇಗೋ ಸುತ್ತಿಟ್ಟಿದ್ದೆ, ಗಂಟು ಬಿದ್ದಿತ್ತು. ನಿಂತಲ್ಲೇ ಒಂದೊಂದೇ ಗಂಟು ಬಿಡಿಸಿ, ಮೊಣಕೈಗೆ ಹೆಬ್ಬೆರಳಿಗೆ ಹಾಯಿಸಿ ನೀಟಾಗಿ ಸುತ್ತಿ, ಮತ್ತೆ ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟರು. "ಮೊಣಕಾಲು ಬ್ಯಾನೀರಿ" ಎಂದರು. "ಹಸಿ ಆದಾಗ ಒಣಗಿಸಿ ಇಡ್ರಿ. ನೂಲು ಕೊಳೀತೈತಿ."

ನಾನು ಅಂಗಳಕ್ಕೆ ಬಂದೆ. ಜೋಶಿಯವರೂ ಡಾಕ್ಟರೂ ಕಾಯುತ್ತಿದ್ದರು. ಸುಣ್ಣ ಹಾಕಿದೆ. ಮೂರು ಜನರ ಆಟ ಎಂದರೆ ಅದೊಂದು ಅವತಾರ, ಅವರಿಬ್ಬರು ಒಂದು ಕಡೆ, ನಾನೊಬ್ಬನೇ ಇನ್ನೊಂದು ಕಡೆ. ಆಟದ ನಡುವೆ ನಾನು ಹೊಡೆದ ಒಂದು ಶಟಲ್ ಹಿಂದಿನ ಗೆರೆಯ ಹತ್ತಿರ, ಅದೇ ಮೂಲೆಯಲ್ಲಿ ಬಿತ್ತು. ಇಬ್ಬರೂ ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, "ಒಳಗ." ಇಬ್ಬರೂ ಸುಮ್ಮನೆ ತಮ್ಮ ಜಾಗಕ್ಕೆ ಹೋಗಿ ನಿಂತರು. ನನಗೇ ತಡೆಯಲಾಗಲಿಲ್ಲ. ಬಲೆ ನುಸುಳಿ ಹೋಗಿ ಶಟಲ್ ಎತ್ತಿ ಬೂಚು ತಿರುಗಿಸಿ ನೋಡಿದೆ. ಬರೀ ಕೆಂಪು ಮಣ್ಣು.

"ಹೊರಗ ಇತ್ರಿ" ಎಂದೆ. "ನೋಡ್ರಿ ಇಲ್ಲೆ, ಸುಣ್ಣ ಹತ್ತಿಲ್ಲ."

ಡಾಕ್ಟರು ನೋಡಲೂ ಇಲ್ಲ. "ಇರ್ಲಿ ಬಿಡ್ರಿ ಸರ್. ಗೆರಿ ಹಾಕಿದಾವ್ರು ನೀವು. ನೀವು ಒಳಗ ಅಂದ ಮ್ಯಾಲೆ ಒಳಗ." ಜೋಶಿ ಗಡಿಯಾರ ನೋಡಿ, "ಆಡೂಣ್ರಿ, ಹೊತ್ತಾತು" ಎಂದರು. ನಾನು ಇನ್ನೊಂದು ಸಲ ಹೇಳಿದೆ. ಇಬ್ಬರೂ ಕೈ ಬೀಸಿದರು. ಅವತ್ತು ನಾನೇ ಗೆದ್ದೆ. ಆ ಒಂದು ಅಂಕವನ್ನು ವಾಪಸು ತೆಗೆದುಕೊಳ್ಳಬಹುದಾಗಿದ್ದ ಮನುಷ್ಯ ಎರಡು ರಸ್ತೆ ಆಚೆ ತಮ್ಮ ಮನೆಯಲ್ಲೇ ಉಳಿದಿದ್ದರು. ಆ ಅಂಕ ಈಗಲೂ ನನ್ನ ಹೆಸರಿನಲ್ಲೇ ಇದೆ.